ಇಳಿಜಾರಿನ ಮೇಲಿನ ಹಿಮ

(ಜಂಗಮಕೋಟೆಯಲ್ಲಿ ಸೇರಿದ್ದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಜಂಗಮಕೋಟೆಯಲ್ಲಿ ನಿಂತು ಹಿಮದ ಬಗ್ಗೆ ಮಾತನಾಡುವುದು ವಿಚಿತ್ರವೆಂದು ನನಗೂ ಗೊತ್ತು. ಸಭೆ ಸೇರುವ ಮೊದಲು ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಏನಪ್ಪಾ, ಕೆರೆ ವಿಷಯ ಹೇಳ್ತೀಯೇನೋ ಅಂತ ಬಂದೆ. ಹಿಮ ಕಟ್ಟಿಕೊಂಡು ನಮಗೇನಾಗಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಸೀಮೆಗೆ ಆಕಾಶದಿಂದ ಬೀಳುವ ಗಟ್ಟಿ ನೀರೆಂದರೆ ಆಲಿಕಲ್ಲು ಮಾತ್ರ. ಅದೂ ದ್ರಾಕ್ಷಿ ಹಣ್ಣಾಗುವ ಹೊತ್ತಿಗೇ ಬಂದು ತೋಟವನ್ನು ಹಾಳುಮಾಡಿ ಹೋಗುತ್ತದೆ. ನಂದಿಬೆಟ್ಟದ ಮೇಲೆ ಭಾನುವಾರ ಬೆಳಿಗ್ಗೆ ಜನರು ನೋಡಲು ಬರುವ ಮಂಜು, ಮಂಜೇ ಹೊರತು ಹಿಮವಲ್ಲ.

ಆದರೆ ಆ ಹಿರಿಯರ ಪ್ರಶ್ನೆಗೆ ಉತ್ತರ ಇದೇ ಸಭೆಯಲ್ಲಿ ಕುಳಿತಿದೆ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಸ್ಕಂದಗಿರಿ ಹತ್ತಿದ್ದೀರಿ ಎಂದು ಕೇಳಿದರೆ ಅರ್ಧದಷ್ಟು ಕೈಗಳಾದರೂ ಮೇಲೇಳುತ್ತವೆ. ಇನ್ನು ಎರಡು ಮೂರು ವರ್ಷಗಳಲ್ಲಿ ನಿಮ್ಮಲ್ಲಿ ಕೆಲವರು ಹಿಮಾಲಯಕ್ಕೆ ಹೋಗುತ್ತೀರಿ. ಹೋಗಲೇಬೇಕು, ಬೇಡವೆನ್ನಲು ನಾನು ಬಂದಿಲ್ಲ. ಆದರೆ ನಮ್ಮ ಕಾಲೇಜುಗಳಿಗೆ ರಜೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಚಳಿಗಾಲವೆಲ್ಲ ಬಿದ್ದ ಹಿಮ ಬಿಸಿಲಿಗೆ ಸಡಿಲಗೊಳ್ಳುವುದೂ ಅದೇ ತಿಂಗಳುಗಳಲ್ಲಿ. ಹಿಮವನ್ನು ಎಂದೂ ಕಾಣದವರು, ಹಿಮವು ತನ್ನ ನಿಲುವನ್ನು ಗಂಟೆಗೊಮ್ಮೆ ಬದಲಿಸುವ ಕಾಲದಲ್ಲಿ ಅದರ ಮೇಲೆ ಕಾಲಿಡುತ್ತೇವೆ. ಈ ಮಾತು ನನಗೂ ಅನ್ವಯಿಸುತ್ತದೆ. ನಾನು ಈ ಹೋಬಳಿಯ ರೇಷ್ಮೆ ಸಾಕುವ ಮನೆಯವನು. ಇಪ್ಪತ್ತೆರಡನೆಯ ವಯಸ್ಸಿನವರೆಗೆ ನಾನು ಕಂಡಿದ್ದ ಹಿಮವೆಂದರೆ ಸಿನಿಮಾದ ಹಾಡುಗಳಲ್ಲಿ ಕಂಡದ್ದು.

ಹಿಮದಿಂದ ನಮಗೇನಾಗಬೇಕು ಎಂಬ ಮಾತಿಗೆ ಕನ್ನಡ ನಾಡು ಈಗಾಗಲೇ ಮೂರು ಸಲ ಉತ್ತರ ಕೊಟ್ಟಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ನೀರ್ಗಲ್ಲಿನ ಗೋಡೆಯೊಂದು ಕಳಚಿ ಬಿತ್ತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಸೈನಿಕರು ಅದರಡಿ ಸಿಲುಕಿದರು. ಅವರಲ್ಲಿ ಮೂವರು ನಮ್ಮ ರಾಜ್ಯದವರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ನಂತರ ಜೀವಂತವಾಗಿ ಹೊರತೆಗೆದಾಗ ನಾಡಿಗೆ ನಾಡೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ ಶಿಖರದ ಮೇಲೆ, ಪರ್ವತಾರೋಹಣದ ತರಬೇತಿಯಲ್ಲಿದ್ದ ತಂಡವನ್ನು ಹಿಮದ ಹಲಗೆಯೊಂದು ಎಳೆದುಕೊಂಡು ಹೋಯಿತು. ಇಪ್ಪತ್ತೇಳು ಮಂದಿಯ ದೇಹಗಳು ದೊರೆತವು, ಇಬ್ಬರು ಸಿಗಲೇ ಇಲ್ಲ. ಅಲ್ಲಿಯೂ ಕನ್ನಡದ ಹುಡುಗರಿದ್ದರು. 2024ರ ಜೂನ್ ಮೊದಲ ವಾರದಲ್ಲಿ ಅದೇ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, ಹೆಚ್ಚಾಗಿ ಕರ್ನಾಟಕದವರೇ ಇದ್ದ ಇಪ್ಪತ್ತೆರಡು ಜನರ ತಂಡ ಹಿಮದ ಬಿರುಗಾಳಿಗೆ ಸಿಕ್ಕಿಕೊಂಡಿತು. ಒಂಬತ್ತು ಮಂದಿ ಚಳಿಗೆ ಬಲಿಯಾದರು.

ಈ ಮೂರೂ ಒಂದೇ ಬಗೆಯ ಘಟನೆಗಳಲ್ಲ ಎಂಬುದನ್ನು ಗಮನಿಸಬೇಕು. ಮೊದಲನೆಯದು ಗಟ್ಟಿ ನೀರ್ಗಲ್ಲಿನ ಕುಸಿತ, ಎರಡನೆಯದು ಹಿಮದ ಪದರದ ಜಾರುವಿಕೆ, ಮೂರನೆಯದು ಬಿರುಗಾಳಿ. ನಮ್ಮ ಪತ್ರಿಕೆಗಳಲ್ಲಿ ಎಲ್ಲಕ್ಕೂ 'ಹಿಮಪಾತ' ಎಂಬ ಒಂದೇ ಪದ ಬಳಕೆಯಾಗುವುದುಂಟು. ಹಿಮ ಬಿದ್ದರೂ ಹಿಮಪಾತ, ಬಿದ್ದ ಹಿಮ ಜಾರಿ ಬಂದರೂ ಹಿಮಪಾತ. ಹೆಸರು ಬೇರೆಯಾಗದಿದ್ದರೆ ಕಾರಣವೂ ಬೇರೆಯಾಗಿ ಕಾಣುವುದಿಲ್ಲ. ಆದ್ದರಿಂದ ಈ ಹೊತ್ತಿನ ಮಾತಿನಲ್ಲಿ ಆಕಾಶದಿಂದ ಬೀಳುವುದನ್ನು ಹಿಮಪಾತವೆಂದೂ ಇಳಿಜಾರಿನಿಂದ ಜಾರುವುದನ್ನು ಹಿಮಕುಸಿತವೆಂದೂ ಕರೆಯುತ್ತೇನೆ.

ಹಿಮಕುಸಿತದಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದನ್ನು ನೀವು ಕಣದಲ್ಲೇ ಕಂಡಿದ್ದೀರಿ. ರಾಗಿಯನ್ನು ತೂರಿ ರಾಶಿ ಹಾಕುವಾಗ ಎಷ್ಟೇ ಸುರಿದರೂ ರಾಶಿ ಒಂದು ಮಟ್ಟಕ್ಕಿಂತ ಕಡಿದಾಗುವುದಿಲ್ಲ. ತುದಿಯ ನಾಲ್ಕು ಕಾಳು ಉರುಳಿದರೆ ಅವು ಎಂಟನ್ನು ಕರೆದುಕೊಂಡು, ಎಂಟು ಹದಿನಾರನ್ನು ಕರೆದುಕೊಂಡು, ಬುಡಕ್ಕೆ ಬರುವ ವೇಳೆಗೆ ಬೀಸಣಿಗೆಯಂತೆ ಅಗಲವಾಗಿ ಹರಡುತ್ತವೆ. ಬಿಡಿಹಿಮದ ಕುಸಿತ ಹೀಗೆಯೇ. ಒಂದು ಚುಕ್ಕೆಯಿಂದ ಹೊರಟು ಕೆಳಗೆ ಅಗಲವಾಗುತ್ತದೆ.

ಎರಡನೆಯದು ಹಲಗೆಯ ಕುಸಿತ. ಜನರನ್ನು ಹೆಚ್ಚಾಗಿ ಕೊಲ್ಲುವುದು ಇದು. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಮೆತ್ತಿದ ಮನೆಗಳನ್ನು ನೋಡಿದ್ದೀರಲ್ಲ? ಹೊರಗಿನಿಂದ ಗೋಡೆ ಗಟ್ಟಿಯಾಗಿಯೇ ಕಾಣುತ್ತದೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಗಾರೆಗೂ ಮಣ್ಣಿಗೂ ನಡುವಿನ ಹಿಡಿತ ಎಂದೋ ಬಿಟ್ಟಿರುತ್ತದೆ. ಒಂದು ಮೊಳೆ ಹೊಡೆಯಲು ಹೋದರೆ ಮೊಳೆಯ ಸುತ್ತಲಿನದು ಮಾತ್ರವಲ್ಲ, ಚಾಪೆಯಗಲದ ಗಾರೆ ಒಟ್ಟಿಗೆ ಕಳಚಿ ಬೀಳುತ್ತದೆ. ಹಿಮದ ಹಲಗೆಯೂ ಹಾಗೆಯೇ. ಮೇಲೆ ಗಾಳಿ ತಂದು ಒತ್ತಿದ ಬಿಗಿಯಾದ ಪದರ, ಕೆಳಗೆ ಹಿಡಿತವಿಲ್ಲದ ಪದರ. ಅದರ ಮೇಲೆ ನಡೆಯುವವನೇ ಮೊಳೆ. ಯೂರೋಪ್ ಮತ್ತು ಉತ್ತರ ಅಮೆರಿಕದಲ್ಲಿ ವಿಹಾರಕ್ಕೆಂದು ಬೆಟ್ಟಕ್ಕೆ ಹೋಗಿ ಸತ್ತವರ ಲೆಕ್ಕ ತೆಗೆದಾಗ, ಹತ್ತರಲ್ಲಿ ಒಂಬತ್ತು ಕುಸಿತಗಳನ್ನು ಆರಂಭಿಸಿದ್ದು ಸತ್ತವರೇ ಅಥವಾ ಅವರ ಜೊತೆಗಾರರೇ ಎಂದು ಕಂಡುಬಂದಿದೆ. ಬೆಟ್ಟ ತಾನಾಗಿ ನಮ್ಮ ಮೇಲೆ ಬೀಳುವುದು ಕಡಿಮೆ. ಹೆಚ್ಚಾಗಿ ನಾವೇ ಬೀಳಿಸಿಕೊಳ್ಳುತ್ತೇವೆ.

ಆ ಹಿಡಿತವಿಲ್ಲದ ಪದರ ಎಲ್ಲಿಂದ ಬರುತ್ತದೆ ಎಂಬುದು ಬಹಳ ಸ್ವಾರಸ್ಯವಾದ ಸಂಗತಿ. ದಪ್ಪ ಹಿಮದ ಕೆಳಗೆ ನೆಲವು ಸುಮಾರು ಸೊನ್ನೆ ಡಿಗ್ರಿಯಲ್ಲಿ ಬೆಚ್ಚಗೆ ಮಲಗಿರುತ್ತದೆ. ಮೇಲ್ಮೈ ರಾತ್ರಿಯ ಚಳಿಗೆ ಮೈನಸ್ ಇಪ್ಪತ್ತಕ್ಕೆ ಇಳಿದಿರಬಹುದು. ಹಿಮದ ಪದರ ತೆಳುವಾಗಿದ್ದಷ್ಟೂ ಈ ಅಂತರ ತೀವ್ರವಾಗುತ್ತದೆ. ಕೆಳಗಿನ ಬಿಸುಪಿನಿಂದ ಆವಿ ಮೇಲೇರುತ್ತ, ಕಣಕಣವನ್ನೂ ಕರಗಿಸಿ ಮತ್ತೆ ಕಟ್ಟುತ್ತ, ಕೊನೆಗೆ ಅಲ್ಲಿ ಉಳಿಯುವುದು ಒಂದಕ್ಕೊಂದು ಅಂಟದ ದಪ್ಪ ಹರಳುಗಳು. ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಬೆರಳ ಸಂದಿಯಿಂದ ಉದುರಿಹೋಗುತ್ತವೆ. ಡಿಸೆಂಬರಿನಲ್ಲಿ ಬಿದ್ದ ತೆಳು ಹಿಮ ಹೀಗೆ ಸಕ್ಕರೆಯಾಗಿ, ಅದರ ಮೇಲೆ ಫೆಬ್ರವರಿಯ ದಪ್ಪ ಹಿಮ ಕುಳಿತರೆ, ಮೇ ತಿಂಗಳಿನಲ್ಲಿ ಅಲ್ಲಿಗೆ ಹೋಗುವ ನೀವು ಡಿಸೆಂಬರಿನ ಹವಾಮಾನದ ಮೇಲೆ ನಡೆಯುತ್ತೀರಿ. ಹಿಮದಲ್ಲಿ ಗುಂಡಿ ತೋಡಿ ಅದರ ಗೋಡೆಯನ್ನು ಪರೀಕ್ಷಿಸುವವರು ಓದುವುದು ಇದನ್ನೇ. ಮುಷ್ಟಿಯೇ ಒಳಹೋಗುವ ಪದರ, ನಾಲ್ಕು ಬೆರಳು ಹೋಗುವ ಪದರ, ಒಂದೇ ಬೆರಳು, ಪೆನ್ಸಿಲು, ಚಾಕು ಎಂದು ಮೇಲಿನಿಂದ ಕೆಳಗೆ ಒತ್ತಿ ನೋಡುತ್ತಾರೆ. ಗಟ್ಟಿಯ ಕೆಳಗೆ ಮೆದು ಸಿಕ್ಕರೆ ಎಚ್ಚರಗೊಳ್ಳುತ್ತಾರೆ. ಬಾವಿ ತೋಡುವಾಗ ಮಣ್ಣಿನ ಪದರಗಳನ್ನು ನೋಡಿದ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗುಂಡಿ ತೋಡದೆಯೂ ಹಿಮ ಕೆಲವು ಮಾತುಗಳನ್ನು ಬಾಯಿ ಬಿಟ್ಟೇ ಹೇಳುತ್ತದೆ. ಕಾಲಿಟ್ಟಾಗ ಸುತ್ತಲಿನ ಹಿಮವೆಲ್ಲ ಒಮ್ಮೆಗೇ ಕುಗ್ಗಿ 'ಧುಂ' ಎಂದು ಸದ್ದು ಬರುವುದುಂಟು. ಸಕ್ಕರೆಯ ಪದರ ಕೆಳಗೆ ಮುರಿದ ಸದ್ದು ಅದು. ಪಾದದ ಮುಂದೆ ಬಿರುಕು ಗೆರೆಯಂತೆ ಓಡುವುದುಂಟು. ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷಿಯೆಂದರೆ ಪಕ್ಕದ ಇಳಿಜಾರು ಈಗಾಗಲೇ ಕುಸಿದಿರುವುದು. ಅದೇ ದಿಕ್ಕಿಗೆ, ಅದೇ ಎತ್ತರದಲ್ಲಿ ಒಂದು ಇಳಿಜಾರು ಜಾರಿದ್ದರೆ ನಮ್ಮ ಇಳಿಜಾರಿಗೆ ಬೇರೆ ಜಾತಕ ಇರುವುದಿಲ್ಲ. ಆದರೂ ಜನರು ಅದರ ಫೋಟೋ ತೆಗೆದುಕೊಂಡು ಮುಂದೆ ನಡೆಯುವುದನ್ನು ನಾನು ಕಂಡಿದ್ದೇನೆ.

ಇನ್ನು ವಸಂತದ ಹಿಮದ ವಿಷಯಕ್ಕೆ ಬರುತ್ತೇನೆ. ರಜೆಯಲ್ಲಿ ಹೋಗುವವರಿಗೆ ಎದುರಾಗುವುದು ಇದೇ.

ಚಳಿಗಾಲದ ಹೊಸ ಹಿಮ ಹತ್ತಿಯಂತೆ ಹಗುರ. ಒಂದು ಘನ ಮೀಟರಿಗೆ ನೂರು ಕಿಲೋ ತೂಗಿದರೆ ಹೆಚ್ಚು. ವಸಂತದ ಒದ್ದೆ ಹಿಮ ಅದರ ನಾಲ್ಕೈದು ಪಟ್ಟು ತೂಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ಹಲವು ದಿನ ನಡೆದಾಗ ಅದರ ಕಣಗಳು ದುಂಡಾಗಿ ಸಬ್ಬಕ್ಕಿಯಂತಾಗುತ್ತವೆ. ಬೆಳಗಿನ ಜಾವ ಈ ಸಬ್ಬಕ್ಕಿಯೆಲ್ಲ ಒಂದಕ್ಕೊಂದು ಬೆಸೆದು ಕಲ್ಲಿನ ಚಪ್ಪಡಿಯಂತಿರುತ್ತದೆ. ನಡೆದರೆ ಬೂಟಿನ ಗುರುತೂ ಬೀಳದು. ಹತ್ತು ಗಂಟೆಯ ಹೊತ್ತಿಗೆ ಮೇಲಿನ ಎರಡು ಬೆರಳು ಮೆತ್ತಗಾಗುತ್ತದೆ, ನಡೆಯಲು ಹಿತವೆನಿಸುತ್ತದೆ. ಮಧ್ಯಾಹ್ನಕ್ಕೆ ಮೊಣಕಾಲುದ್ದ ಹುಗಿಯುತ್ತದೆ. ಕಣಗಳ ನಡುವಿನ ಬೆಸುಗೆ ಕರಗಿ, ನೀರು ಒಳಗಿಳಿದು, ಕೆಳಗಿನ ಬಂಡೆಯ ಮೇಲೆ ಹರಿಯತೊಡಗಿರುತ್ತದೆ. ಒಂದೇ ಇಳಿಜಾರು, ಒಂದೇ ದಿನ, ಆದರೆ ಬೆಳಿಗ್ಗೆ ದಾರಿಯಾಗಿದ್ದದ್ದು ಮಧ್ಯಾಹ್ನಕ್ಕೆ ಬಲೆಯಾಗಿರುತ್ತದೆ. ಕುಲ್ಲು ಜಿಲ್ಲೆಯ ಸರ್ ಪಾಸ್‌ನಂಥ ಸುಮಾರು 13,800 ಅಡಿಯ ಕಣಿವೆಗಳನ್ನು ಮೇ ತಿಂಗಳಲ್ಲಿ ದಾಟಿಸುವವರು ಕತ್ತಲಿರುವಾಗಲೇ ಎಬ್ಬಿಸಿ ಹೊರಡಿಸುವುದು ಏಕೆಂದು ಈಗ ತಿಳಿಯಿತಲ್ಲ? ನಮ್ಮ ಹುಡುಗರು ಅದನ್ನು ಸೂರ್ಯೋದಯ ತೋರಿಸುವ ಏರ್ಪಾಡೆಂದು ತಿಳಿದು ಗೊಣಗುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಹಿಡಿಯಲು ಜಂಗಮಕೋಟೆಯವರಿಗೆ ಬೇರೆಯವರಿಗಿಂತ ಸುಲಭ. ರಾತ್ರಿ ಹಿಮ ಹೆಪ್ಪುಗಟ್ಟಿತೇ ಇಲ್ಲವೇ ಎಂಬುದು ಗಾಳಿಯ ಉಷ್ಣತೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಆಕಾಶ ಶುಭ್ರವಾಗಿದ್ದ ರಾತ್ರಿ ಚಳಿ ಹೆಚ್ಚು, ಮೋಡ ಕವಿದ ರಾತ್ರಿ ಸೆಕೆ ಎಂಬುದನ್ನು ಹೊಲ ಕಾಯಲು ಹೋದವರೆಲ್ಲ ಬಲ್ಲರು. ಮೋಡ ನೆಲಕ್ಕೆ ಹೊದಿಸಿದ ಕಂಬಳಿ. ಹಿಮವೂ ತನ್ನ ಬಿಸಿಯನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಜೊತೆಗೆ ಗಾಳಿ ಒಣಗಿದ್ದರೆ ಇನ್ನೂ ತಣಿಯುತ್ತದೆ. ಹುಳು ಸಾಕುವ ಮನೆಯಲ್ಲಿ ನಾವು ತೂಗುಹಾಕುವ ಜೋಡಿ ಉಷ್ಣಮಾಪಕವನ್ನು ನೆನಪಿಸಿಕೊಳ್ಳಿ. ಒಂದು ಬುಡ ಒಣಗಿರುತ್ತದೆ, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಗಾಳಿ ಒಣಗಿದಷ್ಟೂ ಒದ್ದೆ ಬುಡದ ಪಾದರಸ ಕೆಳಗಿಳಿಯುತ್ತದೆ. ಹಿಮವೆಂದರೆ ಒಂದು ಬೆಟ್ಟದಷ್ಟು ದೊಡ್ಡ ಒದ್ದೆ ಬುಡ. ಆದ್ದರಿಂದಲೇ ಶುಭ್ರವಾದ ಒಣ ರಾತ್ರಿಯಲ್ಲಿ ಗಾಳಿ ಎರಡು ಮೂರು ಡಿಗ್ರಿ ಇದ್ದರೂ ಹಿಮ ಕಲ್ಲಾಗಬಹುದು. ಮೋಡ ಮುಸುಕಿದ ಹಸಿ ರಾತ್ರಿಯಲ್ಲಿ ಗಾಳಿ ಸೊನ್ನೆಯ ಹತ್ತಿರವಿದ್ದರೂ ಹಿಮ ಕಲ್ಲಾಗದೆ ಉಳಿಯಬಹುದು. ಅಂಥ ರಾತ್ರಿಯ ನಂತರದ ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಹೊರಟರೂ ನೀವು ಹೊರಟದ್ದು ಮಧ್ಯಾಹ್ನವೇ. ಬಿಡಾರದಿಂದ ಹೊರಬಂದು ಹಿಮ್ಮಡಿಯಿಂದ ಒಮ್ಮೆ ಒದ್ದು ನೋಡಿದರೆ ಉತ್ತರ ಸಿಗುತ್ತದೆ. ಹಿಮ್ಮಡಿ ಹುಗಿದರೆ ಮತ್ತೆ ಮಲಗುವುದೇ ಸರಿ. ಹಿಮದ ಮೇಲೆ ಮಳೆ ಬಿದ್ದಿದ್ದರಂತೂ ಒದ್ದು ನೋಡಬೇಕಾದ ಅಗತ್ಯವೂ ಇಲ್ಲ.

ಸೂರ್ಯನ ಲೆಕ್ಕವೂ ಇದೆ. ಪೂರ್ವದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ನಡುಹಗಲಿಗೆ ದಕ್ಷಿಣದ್ದು, ಸಂಜೆಗೆ ಪಶ್ಚಿಮದ್ದು. ಉತ್ತರದ ಇಳಿಜಾರಿಗೆ ಬಿಸಿಲು ತಾಗುವುದು ಕಡಿಮೆ. ಆದ್ದರಿಂದ ಅದು ಒಳ್ಳೆಯದೆಂದು ತಿಳಿಯಬೇಡಿ, ಚಳಿಗಾಲದ ಸಕ್ಕರೆ ಅಲ್ಲಿ ಬಹುಕಾಲ ಕೆಡದೆ ಉಳಿಯುತ್ತದೆ. ಇಳಿಜಾರು ಕರಗುತ್ತಿದೆ ಎಂಬುದರ ಮೊದಲ ಸೂಚನೆ ಬಂಡೆಗಳ ಬುಡದಿಂದ ಬರುತ್ತದೆ. ಕಪ್ಪು ಬಂಡೆ ಕಾಯ್ದು ಅದರ ಸುತ್ತಲಿನ ಹಿಮ ಸಡಿಲವಾಗಿ ಸಣ್ಣ ಉಂಡೆಗಳು ತಾವಾಗಿಯೇ ಉರುಳತೊಡಗುತ್ತವೆ. ಉರುಳುತ್ತ ಉರುಳುತ್ತ ಚಕ್ರದಂತೆ ಸುತ್ತಿಕೊಂಡು ದೊಡ್ಡದಾಗುತ್ತವೆ. ನೋಡಲು ಬಹಳ ಚಂದ.

ಆ ಚಂದವನ್ನು ನಾನು ನೋಡುತ್ತ ನಿಂತಿದ್ದೆ. ಅದರ ಕತೆಯನ್ನು ಹೇಳದೆ ಮುಂದೆ ಹೋಗಲಾರೆ.

ಕುಲ್ಲು ಜಿಲ್ಲೆಯ ಒಂದು ಕಣಿವೆ, ಮೇ ತಿಂಗಳು. ನಾವು ಎಂಟು ಮಂದಿ ಗೆಳೆಯರು, ಜೊತೆಗೆ ದಾರಿ ತೋರಿಸಲು ಆ ಊರಿನ ಮಧ್ಯವಯಸ್ಸಿನ ಕುರಿಗಾಹಿಯೊಬ್ಬರು. ಅವರನ್ನು ನಾವು ಭಾಯ್‌ಸಾಬ್ ಎಂದೇ ಕರೆಯುತ್ತಿದ್ದೆವು. ಬೆಳಗಿನ ಜಾವ ಹೊರಡಬೇಕೆಂದು ಹಿಂದಿನ ರಾತ್ರಿ ಅವರು ಎರಡೆರಡು ಸಲ ಹೇಳಿದ್ದರು. ನಾವು ಹಾಡು ಹೇಳುತ್ತ ತಡವಾಗಿ ಮಲಗಿದೆವು, ತಡವಾಗಿ ಎದ್ದೆವು. ಚಹಾ ಕುಡಿದು, ಚೀಲ ಕಟ್ಟಿ, ಆ ಇಳಿಜಾರಿನ ಬುಡಕ್ಕೆ ಬರುವ ವೇಳೆಗೆ ಹತ್ತೂವರೆ. ಅಡ್ಡಲಾಗಿ ದಾಟಬೇಕಾದ ಹಾದಿ ಇನ್ನೂರು ಹೆಜ್ಜೆಯೂ ಇರಲಿಲ್ಲ. ಆಚೆ ಬದಿಯ ಬಯಲು ಕಣ್ಣಿಗೆ ಕಾಣುತ್ತಿತ್ತು. ಭಾಯ್‌ಸಾಬ್ ನಿಂತರು. ಮೇಲಿನ ಬಂಡೆಗಳನ್ನು ನೋಡಿದರು. ಹಿಮದ ಉಂಡೆಗಳು ಒಂದೊಂದಾಗಿ ಉರುಳಿ ಬರುತ್ತಿದ್ದವು. ಅವರು ಕೋಲನ್ನು ಹಿಮಕ್ಕೆ ಚುಚ್ಚಿದರು, ಕೋಲು ಮುಕ್ಕಾಲು ಪಾಲು ಒಳಹೋಯಿತು. "ಇವತ್ತು ಆಗದು" ಎಂದು ಹಿಂದಿರುಗಿ ನಡೆಯತೊಡಗಿದರು.

ನಾವು ಜಗಳ ಮಾಡಿದೆವು. ಅದರಲ್ಲಿ ನನ್ನ ದನಿಯೇ ಎತ್ತರದ್ದು. ರೈಲಿನ ಟಿಕೆಟ್ಟು, ಮುಗಿಯುತ್ತಿದ್ದ ರಜೆ, ಅವರಿಗೆ ಕೊಟ್ಟ ಹಣ ಎಲ್ಲವನ್ನೂ ಎತ್ತಿ ಆಡಿದೆ. ಇನ್ನೊಂದು ದಿನದ ಕೂಲಿಗಾಗಿ ಹೀಗೆ ಮಾಡುತ್ತಿದ್ದೀರಿ ಎಂದೂ ಅಂದೆ. ಅವರು ಮಾತಾಡಲಿಲ್ಲ. ನಮ್ಮ ಅಡುಗೆಯ ಪಾತ್ರೆಗಳಿದ್ದ ಮೂಟೆ ಅವರ ಬೆನ್ನಿನ ಮೇಲಿತ್ತು, ಅವರು ನಡೆದರು. ಪಾತ್ರೆಗಳಿಲ್ಲದೆ ನಾವೂ ನಡೆಯಲೇಬೇಕಾಯಿತು. ಮಧ್ಯಾಹ್ನ ಮೋಡ ಕವಿಯಿತು, ರಾತ್ರಿ ಸಣ್ಣಗೆ ಹಿಮ ಬಿತ್ತು, ಮರುದಿನವೂ ದಾಟಲಾಗಲಿಲ್ಲ. ನಾವು ಬಂದ ದಾರಿಯಲ್ಲೇ ಊರಿಗೆ ಮರಳಿದೆವು.

ಆ ಇಳಿಜಾರು ಅಂದು ಕುಸಿಯಿತೇ? ನನಗೆ ತಿಳಿಯದು. ಕುಸಿದಿದ್ದರೆ ಕತೆ ಕೇಳುವವರಿಗೆ ಚೆನ್ನಾಗಿರುತ್ತಿತ್ತು, ಹೇಳುವ ನನಗೂ ಸಮಾಧಾನವಿರುತ್ತಿತ್ತು. ಈ ವಿದ್ಯೆಯ ಕಷ್ಟವೇ ಅದು. ದಾಟಿ ಬದುಕಿದವನು ತನ್ನ ತೀರ್ಮಾನ ಸರಿಯಾಗಿತ್ತೆಂದು ನಂಬುತ್ತಾನೆ, ಅದೃಷ್ಟವಿತ್ತು ಎನ್ನುವುದಿಲ್ಲ. ಹಿಂದಿರುಗಿದವನಿಗೆ ತಾನು ಸರಿ ಎಂಬುದಕ್ಕೆ ಸಾಕ್ಷಿಯೇ ಸಿಗುವುದಿಲ್ಲ, ಸಿಗುವುದು ಗೆಳೆಯರ ಹಾಸ್ಯ ಮಾತ್ರ. ಕೂಲಿಯ ಮಾತನ್ನು ನಾನು ಅಂದಿರಬಾರದಿತ್ತು. ಹೆಚ್ಚಿನ ದಿನದ ಕೂಲಿಯನ್ನು ಅವರು ಕೇಳಲೂ ಇಲ್ಲ.

ಹಿಮದಡಿ ಸಿಲುಕಿದವನಿಗೆ ಇರುವ ಕಾಲವೆಷ್ಟು ಎಂಬುದು ತಿಳಿದಿದ್ದರೆ ಅಂದು ಬಾಯಿ ಬಿಗಿಹಿಡಿಯುತ್ತಿದ್ದೆನೇನೋ. ಸ್ವಿಟ್ಜರ್‌ಲೆಂಡಿನವರು ಹಲವು ದಶಕಗಳಿಂದ ಇಟ್ಟಿರುವ ದಾಖಲೆಗಳ ಪ್ರಕಾರ, ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ಕಳೆದರೆ ಉಳಿಯುವವರು ಮೂವರ ಸುಮಾರು. ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಉಸಿರುಕಟ್ಟುವಿಕೆ. ಜಾರುವಾಗ ನೀರಿನಂತೆ ಹರಿಯುವ ಹಿಮ, ನಿಂತ ಕೂಡಲೇ ಗಾರೆಯಂತೆ ಬಿಗಿಯುತ್ತದೆ, ಬೆರಳಾಡಿಸಲೂ ಬಿಡುವುದಿಲ್ಲ. ಹತ್ತು ನಿಮಿಷಗಳಲ್ಲಿ ಯಾವ ಹೆಲಿಕಾಪ್ಟರೂ ಬರುವುದಿಲ್ಲ. ತೆಗೆಯುವವರು ಜೊತೆಗಿದ್ದವರೇ ಆಗಬೇಕು, ಅವರ ಬಳಿ ಸಲಿಕೆ ಇರಬೇಕು, ಅವರು ಸ್ವತಃ ಹೂತಿರಬಾರದು. ಆದ್ದರಿಂದಲೇ ಸಂಶಯವಿರುವ ಇಳಿಜಾರನ್ನು ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಕಣ್ಣಿಟ್ಟು ನೋಡುತ್ತಿರಬೇಕು ಎನ್ನುತ್ತಾರೆ. ಹನುಮಂತಪ್ಪನವರು ಆರು ದಿನ ಉಳಿದದ್ದು ಡೇರೆಯೊಳಗೆ ಉಳಿದಿದ್ದ ಗಾಳಿಯ ತೆರಪಿನಿಂದ ಮತ್ತು ಅವರ ಅಸಾಧಾರಣ ದೇಹಬಲದಿಂದ. ಅದನ್ನು ಲೆಕ್ಕಕ್ಕೆ ಹಿಡಿದು ಯಾರೂ ಬೆಟ್ಟ ಹತ್ತಬಾರದು.

ನಮ್ಮ ದೇಶದಲ್ಲಿ ಈ ಅಧ್ಯಯನವೇನೂ ಹೊಸತಲ್ಲ. 1969ರಲ್ಲಿಯೇ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕೆಂದು ರಕ್ಷಣಾ ಇಲಾಖೆಯ ಸಂಸ್ಥೆಯೊಂದು ಆರಂಭವಾಯಿತು. 2020ರಲ್ಲಿ ಅದನ್ನು ಇನ್ನೊಂದು ಸಂಸ್ಥೆಯೊಂದಿಗೆ ಸೇರಿಸಿ ಚಂಡೀಗಢದಲ್ಲಿ ಡಿಜಿಆರ್‌ಇ ಎಂಬ ಹೆಸರಿನ ಸಂಸ್ಥೆಯನ್ನು ಮಾಡಿದರು. ಚಳಿಗಾಲದಲ್ಲಿ ಯಾವ ಜಿಲ್ಲೆಯಲ್ಲಿ, ಎಷ್ಟು ಎತ್ತರದ ಮೇಲೆ ಅಪಾಯವಿದೆ ಎಂದು ಅದು ಮುನ್ಸೂಚನೆ ಕೊಡುತ್ತದೆ. 2025ರ ಫೆಬ್ರವರಿ 28ರಂದು ಬದರಿನಾಥದ ಹತ್ತಿರದ ಮಾಣಾದಲ್ಲಿ ರಸ್ತೆ ಕೆಲಸದ 54 ಕಾರ್ಮಿಕರು ಹಿಮಕುಸಿತಕ್ಕೆ ಸಿಕ್ಕಿದರು. 46 ಮಂದಿ ಉಳಿದರು, ಎಂಟು ಮಂದಿ ತೀರಿಕೊಂಡರು. ಆ ಜಿಲ್ಲೆಗೆ ಹಿಂದಿನ ದಿನವೇ ಎಚ್ಚರಿಕೆ ಹೊರಟಿತ್ತು. ಮುನ್ಸೂಚನೆ ಕೊಡುವುದು ಒಂದು ಕೆಲಸ, ಅದು ಡೇರೆಯ ಬಾಗಿಲಿಗೆ ತಲುಪಿ ಮನುಷ್ಯರನ್ನು ಅಲ್ಲಿಂದ ಎಬ್ಬಿಸುವುದು ಇನ್ನೊಂದು ಕೆಲಸ. ವಿಹಾರಕ್ಕೆ ಹೋಗುವ ನಮಗಾದರೋ ಮನೆಯಲ್ಲೇ ಉಳಿಯುವ ಸ್ವಾತಂತ್ರ್ಯವಿದೆ, ಕೂಲಿಯವನಿಗೆ ಅದೂ ಇಲ್ಲ. ಯೂರೋಪಿನಲ್ಲಿ ಅಪಾಯವನ್ನು ಐದು ಮಟ್ಟಗಳಲ್ಲಿ ಹೇಳುತ್ತಾರೆ. ಸಾವುಗಳಲ್ಲಿ ದೊಡ್ಡ ಪಾಲು ನಡೆಯುವುದು ಮೂರನೆಯ ಮಟ್ಟದ ದಿನಗಳಲ್ಲಿ. ನಾಲ್ಕು, ಐದು ಎಂದಾಗ ಜನ ಹೋಗುವುದಿಲ್ಲ, ಮೂರು ಎಂದಾಗ ಪರವಾಗಿಲ್ಲ ಎಂದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಕನಿಷ್ಠ ಅಂಕ ತೆಗೆದು ಪಾಸಾಗುವ ನಮ್ಮ ಮನೋಭಾವಕ್ಕೂ ಇದಕ್ಕೂ ಏನೋ ನಂಟಿರಬೇಕು.

ಕಾಡಿನ ಮಾತನ್ನೂ ಹೇಳಬೇಕು, ನಮ್ಮ ಬಳಗದ ಸಭೆಯಲ್ಲಿ ಅದನ್ನು ಬಿಡುವುದು ತರವಲ್ಲ. ಹಿಮಕುಸಿತ ಹೊರಡುವ ಜಾಗದಲ್ಲಿ ದಟ್ಟವಾದ ಮರಗಳಿದ್ದರೆ ಹಲಗೆ ಕಟ್ಟುವುದೇ ಕಷ್ಟ. ಕೊಂಬೆಗಳು ಹಿಮವನ್ನು ತಡೆದು ತುಂಡುತುಂಡಾಗಿ ಬೀಳಿಸುತ್ತವೆ, ಆದ್ದರಿಂದ ಪದರ ಒಂದೇ ಸಮನಾಗಿ ಹಾಸಿಕೊಳ್ಳುವುದಿಲ್ಲ. ಕಾಂಡಗಳು ಗೂಟದಂತೆ ಹಿಡಿದು ನಿಲ್ಲಿಸುತ್ತವೆ. ಸ್ವಿಟ್ಜರ್‌ಲೆಂಡಿನ ಆಂಡರ್‌ಮಾಟ್ ಎಂಬ ಊರಿನವರು 1397ರಲ್ಲಿಯೇ ತಮ್ಮ ಊರ ಮೇಲಿನ ಕಾಡಿಗೆ ಕೊಡಲಿ ತಾಗಬಾರದೆಂದು ಕಟ್ಟಳೆ ಬರೆದುಕೊಂಡಿದ್ದರು. ಆದರೆ ಒಮ್ಮೆ ಮೇಲಿನಿಂದ ಹೊರಟು ವೇಗ ಪಡೆದ ಹಿಮವನ್ನು ಯಾವ ಕಾಡೂ ತಡೆಯಲಾರದು, ಅದು ಮರಗಳನ್ನೇ ಕಡ್ಡಿಯಂತೆ ಮುರಿದು ತರುತ್ತದೆ. 1974ರ ಮಾರ್ಚ್‌ನಲ್ಲಿ ಗೌರಾದೇವಿ ಮತ್ತು ಅವರ ಜೊತೆಯ ಹೆಂಗಸರು ಮರಗಳನ್ನು ಉಳಿಸಿಕೊಂಡ ರೈಣಿ ಗ್ರಾಮವನ್ನು ನೀವು ಕೇಳಿದ್ದೀರಿ. ಆ ಚಿಪ್ಕೋದಿಂದ ಪ್ರೇರಣೆ ಪಡೆದು 1983ರಲ್ಲಿ ನಮ್ಮ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಹುಟ್ಟಿತು. ಅದೇ ರೈಣಿಯ ಕಣಿವೆಗೆ 2021ರ ಫೆಬ್ರವರಿ 7ರಂದು ರೋಂತಿ ಶಿಖರದಿಂದ ಬಂಡೆಯೂ ನೀರ್ಗಲ್ಲೂ ಸೇರಿ ಸುಮಾರು 2 ಕೋಟಿ 70 ಲಕ್ಷ ಘನ ಮೀಟರಿನಷ್ಟು ಕುಸಿದು ಬಿತ್ತು. ಕೆಳಗೆ ಕಟ್ಟಿದ್ದ ಜಲವಿದ್ಯುತ್ ಯೋಜನೆಗಳ ಸುರಂಗಗಳಲ್ಲಿ ಮತ್ತು ನದೀತೀರದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಆ ಎತ್ತರದ ಕುಸಿತಕ್ಕೆ ಕಾಡು ಕಾರಣವೂ ಅಲ್ಲ, ಪರಿಹಾರವೂ ಅಲ್ಲ. ಆದರೆ ಅಂಥ ಶಿಖರದ ಬುಡದಲ್ಲಿ ಏನನ್ನು ಕಟ್ಟಬೇಕು, ಯಾರನ್ನು ಕೂರಿಸಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸಿದ್ದರು.

ಈಗ ಆ ಹಿರಿಯರ ಪ್ರಶ್ನೆಯ ಉಳಿದರ್ಧಕ್ಕೆ ಬರುತ್ತೇನೆ. ಹಿಮಾಲಯಕ್ಕೆ ಹೋಗದೆ ಇಲ್ಲೇ ಇರುವವರಿಗೆ ಇದರಿಂದ ಏನು? 2021ರ ಆಗಸ್ಟ್ ಕೊನೆಯ ವಾರದ ಒಂದು ರಾತ್ರಿಯ ಮಳೆಗೆ ನಮ್ಮ ನಂದಿಬೆಟ್ಟದ ದಾರಿಯಲ್ಲೇ ಗುಡ್ಡ ಜರಿದು ರಸ್ತೆ ಕೊಚ್ಚಿಹೋಯಿತು, ಬೆಟ್ಟವನ್ನು ಪ್ರವಾಸಿಗರಿಗೆ ಮುಚ್ಚಬೇಕಾಯಿತು. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಆದದ್ದನ್ನು ಎಲ್ಲರೂ ಬಲ್ಲಿರಿ. ಮಣ್ಣು ಹಿಮವಲ್ಲ, ನಿಜ. ಮಣ್ಣಿನ ಲೆಕ್ಕ ಗಂಟೆಗಳದ್ದಲ್ಲ, ಮಳೆಗಾಲಗಳದ್ದು. ಆದರೂ ನೋಡಬೇಕಾದ ಜಾಗಗಳು ಒಂದೇ. ಇಳಿಜಾರು ಎಷ್ಟು ಕಡಿದು, ಗಟ್ಟಿ ಪದರದ ಮೇಲೆ ಸಡಿಲ ಪದರ ಕುಳಿತಿದೆಯೇ, ನೀರು ನಡುವೆ ಇಳಿಯುತ್ತಿದೆಯೇ, ಬುಡವನ್ನು ಯಾರಾದರೂ ಕಡಿದಿದ್ದಾರೆಯೇ, ಮೇಲೆ ಹೊಸ ಬಿರುಕು ಬಾಯಿ ಬಿಟ್ಟಿದೆಯೇ, ನೆಟ್ಟಗಿದ್ದ ಮರ ಓರೆಯಾಗಿದೆಯೇ, ಎಂದೂ ಇಲ್ಲದ ಕಡೆ ಒರತೆ ಎದ್ದಿದೆಯೇ. ಇದನ್ನು ಮೊದಲು ಕಾಣುವವರು ದನ ಮೇಯಿಸುವವರು, ಸೌದೆಗೆ ಹೋಗುವವರು. ಅವರು ಕಂಡದ್ದನ್ನು ಬರೆದಿಡುವ ಪುಸ್ತಕ ನಮ್ಮ ಯಾವ ಪಂಚಾಯಿತಿಯಲ್ಲಿದೆ?

ಹುಳು ಜ್ವರಕ್ಕೆ ಕುಳಿತಾಗ ರಾತ್ರಿ ಎರಡಕ್ಕೂ ಎದ್ದು ಉಷ್ಣಮಾಪಕ ನೋಡುವ ತಾಯಂದಿರು ಇಲ್ಲಿದ್ದೀರಿ. ಒಂದು ಡಿಗ್ರಿ ಹೆಚ್ಚಾದರೆ ಕಿಟಕಿ ತೆಗೆಯುತ್ತೀರಿ, ಕಡಿಮೆಯಾದರೆ ಕೆಂಡ ಇಡುತ್ತೀರಿ, ಸೊಪ್ಪು ಒದ್ದೆಯಾಗಿದ್ದರೆ ಹಾಕುವುದಿಲ್ಲ. ಹುಳು ಬಾಯಿ ಬಿಟ್ಟು ಹೇಳುವ ಮೊದಲೇ ಅದಕ್ಕೇನಾಗಿದೆಯೆಂದು ತಿಳಿಯುತ್ತೀರಿ. ನಮ್ಮ ಭಾಯ್‌ಸಾಬ್ ಬಂಡೆಗಳ ಕಡೆ ನೋಡಿದ ನೋಟ ಅದೇ ನೋಟ. ನಾನು ಅಂಥ ಮನೆಯಲ್ಲೇ ಹುಟ್ಟಿ ಬೆಳೆದವನಾಗಿದ್ದೂ, ಅಂದು ಅದನ್ನು ಗುರುತಿಸಲಿಲ್ಲ.

ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಸಾಧನವನ್ನು ತಂದಿದ್ದೇನೆ. ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕವೇ ಇದು. ನಡುವಿನ ರಂಧ್ರಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ಸಣ್ಣ ಕಲ್ಲು ಕಟ್ಟಿದ್ದೇನೆ. ಇಳಿಜಾರಿನ ಮೇಲೆ ಒಂದು ಉದ್ದ ಕೋಲನ್ನು ಮಲಗಿಸಿ, ನೇರ ಅಂಚು ಮೇಲಿರುವಂತೆ ಇದನ್ನು ಆ ಕೋಲಿಗೆ ಸಮಾನಾಂತರವಾಗಿ ಹಿಡಿಯಬೇಕು. ಸಮನಾದ ನೆಲದಲ್ಲಿ ದಾರ ತೊಂಬತ್ತರ ಮೇಲೆ ನಿಲ್ಲುತ್ತದೆ. ಇಳಿಜಾರಿನಲ್ಲಿ ತೊಂಬತ್ತರಿಂದ ಎಷ್ಟು ದೂರ ಸರಿಯಿತೋ ಅಷ್ಟು ಡಿಗ್ರಿಯ ಇಳಿಜಾರು. ಹಿಮದ ಹಲಗೆಗಳು ಹೆಚ್ಚಾಗಿ ಹೊರಡುವುದು ಮೂವತ್ತರಿಂದ ನಲವತ್ತೈದು ಡಿಗ್ರಿಯೊಳಗೆ. ಅದಕ್ಕಿಂತ ಬಹಳ ಕಡಿದಾದಲ್ಲಿ ಹಿಮ ಹೆಚ್ಚಾಗಿ ನಿಲ್ಲುವುದಿಲ್ಲ, ಇಪ್ಪತ್ತೈದಕ್ಕಿಂತ ಕಡಿಮೆಯಾದಲ್ಲಿ ಜಾರುವುದು ಅಪರೂಪ. ಆದರೆ ನೀವು ನಿಂತ ಜಾಗ ಇಪ್ಪತ್ತಿದ್ದು ನಿಮ್ಮ ತಲೆಯ ಮೇಲಿನದು ನಲವತ್ತಿದ್ದರೆ ನಿಮ್ಮ ಇಪ್ಪತ್ತು ಲೆಕ್ಕಕ್ಕೆ ಬರುವುದಿಲ್ಲ, ಮೇಲಿನದನ್ನೂ ಅಳೆಯಬೇಕು. ಕಣ್ಣಳತೆಯನ್ನು ನಂಬಬೇಡಿ. ಮೂವತ್ತೈದು ಡಿಗ್ರಿಯನ್ನು ಮೊದಲ ಸಲ ನೋಡಿದವರು ಅರವತ್ತೆಂದೇ ಹೇಳುತ್ತಾರೆ, ನಾಲ್ಕು ದಿನ ನಡೆದ ಮೇಲೆ ಅದೇ ಜನ ಅದನ್ನು ಇಪ್ಪತ್ತೆನ್ನುತ್ತಾರೆ.

ಬರುವ ಭಾನುವಾರ ಸ್ಕಂದಗಿರಿಯ ಬುಡದಲ್ಲಿ ಬೆಳಿಗ್ಗೆ ಆರಕ್ಕೆ ಸೇರೋಣ. ಅನುಮತಿಯ ಚೀಟಿಗಳನ್ನು ಮೊದಲೇ ಮಾಡಿಸಿರುತ್ತೇವೆ. ಒಬ್ಬೊಬ್ಬರೂ ಕೋನಮಾಪಕ, ದಾರ, ಒಂದು ಕೋಲು ಮತ್ತು ನೋಟು ಪುಸ್ತಕ ತನ್ನಿ. ಹತ್ತುವ ಮೊದಲು ಐದು ಕಡೆಯ ಇಳಿಜಾರನ್ನು ಕಣ್ಣಳತೆಯಲ್ಲಿ ಬರೆದುಕೊಂಡು, ನಂತರ ಅಳೆದು, ಎರಡನ್ನೂ ಎದುರುಬದುರಾಗಿ ಇಟ್ಟು ನೋಡೋಣ. ಆ ಹಿರಿಯರು ಬರುವುದಾದರೆ ಮಣ್ಣಿನ ಪದರಗಳನ್ನು ತೋರಿಸುವ ಕೆಲಸವನ್ನು ಅವರಿಗೇ ಬಿಡುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ.